ಚಿರತೆಯಿಲ್ಲದೆ ಹೇಳು

ಮೊನ್ನೆ ಮೊದಲ ಸಲ ಗಡ್ಡ ಬೋಳಿಸಿಕೊಂಡೆ. ಗಡ್ಡ ಎಂದರೆ ಅಂಥಿಂಥ ಗಡ್ಡವಲ್ಲ. ಇನ್ನೊಂದು ವಾರ ಬಿಟ್ಟಿದ್ದರೆ ಅರಣ್ಯ ಇಲಾಖೆಯವರು ಬಂದು ನನ್ನ ಗಲ್ಲದ ಸುತ್ತ ಕಂದಕ ತೋಡಿಸಿ, ಸೋಲಾರ್ ಬೇಲಿ ಹಾಕಿಸಿ, ಒಳಗೆ ಜಿಂಕೆ ಬಿಡುತ್ತಿದ್ದರು. ಇರುವುದೇ ಮೂರು ಕೂದಲು ಎಂದು ನನ್ನ ರೂಮ್‌ಮೇಟ್ ಹೇಳುತ್ತಾನೆ. ಅವನಿಗೆ ಕಣ್ಣು ಸರಿಯಿಲ್ಲ. ಚಾಮರಾಜನಗರದ ನಮ್ಮ ಹಾಸ್ಟೆಲ್ಲಿನ ಕನ್ನಡಿ ಮುಂದೆ ನಿಂತು ಬ್ಲೇಡು ಎಳೆದದ್ದೇ ತಡ, ಕಬಿನಿ ಅಣೆಕಟ್ಟಿನ ಅಷ್ಟೂ ಗೇಟುಗಳನ್ನು ಒಟ್ಟಿಗೆ ಎತ್ತಿದ ಹಾಗೆ ರಕ್ತ ಹರಿಯಿತು. ರೂಮ್‌ಮೇಟ್ ಓಡಿಹೋಗಿ, ಅಂಗಳದ ಚೆಂಡು ಹೂವಿನ ಗಿಡದಿಂದ ಎಲೆ ಕಿತ್ತು ತಂದು, ಅಂಗೈಯಲ್ಲಿ ಹೊಸಕಿ, ಗಾಯಕ್ಕೆ ಒತ್ತಿದ.

“ಏನ್ಲಾ ಆಯ್ತು? ಕುತ್ಗೇನೇ ಕುಯ್ಕೊಂಡ್ಬುಟ್ಟಿದ್ದೀಯಲ್ಲ!”

ಇಂಥ ಪ್ರಶ್ನೆಗೆ ನನ್ನ ಬಳಿ ಉತ್ತರ ಯಾವಾಗಲೂ ಸಿದ್ಧವಿರುತ್ತದೆ. ನಾಲಗೆ ತುದಿಗೆ ಒಂದು ಒಳ್ಳೆಯ ಕಥೆ ಬಂದೂ ಆಗಿತ್ತು. ಅಷ್ಟರಲ್ಲಿ ಆ ವಾಸನೆ ಮೂಗಿಗೆ ಬಡಿಯಿತು. ಹೂವಿನದ್ದಲ್ಲ, ಎಲೆಯದ್ದು... ಕಹಿ ಕಹಿಯಾಗಿ, ಹಸಿಯಾಗಿ, ಒಳಗೆ ಸ್ವಲ್ಪ ರಕ್ತ ಬೆರೆತು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ಈ ವಾಸನೆಯನ್ನು ನನಗೆ ಪರಿಚಯ ಮಾಡಿಸಿದವರು ನಮ್ಮ ಮಿಸ್.

ಆಗ ನಾನು ಒಂಬತ್ತನೇ ಕ್ಲಾಸು. ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಬೇಗೂರಿನಿಂದ ಒಳಕ್ಕೆ ಹೋದರೆ ಸಿಗುವ ನಮ್ಮೂರಲ್ಲಿ ಸ್ಕೂಲಿನ ಮೂರು ಕಡೆಯೂ ಹೊಲ. ಮಳೆಗಾಲದಲ್ಲಿ ಅಷ್ಟೂ ಹೊಲ ಚೆಂಡು ಹೂವಿನಿಂದ ಹಳದಿಯಾಗಿ, ಓಣಂ ಹತ್ತಿರ ಬಂದ ಹಾಗೆ ಕೇರಳದ ಲಾರಿಗಳು ಬಂದು ನಿಲ್ಲುತ್ತಿದ್ದವು. ಮಿಸ್ ನಮಗೆ ಅತಿಥಿ ಶಿಕ್ಷಕಿ. ಸಂತೆಮರಹಳ್ಳಿ ಕಡೆಯವರು, ಗುಂಡ್ಲುಪೇಟೆಯಲ್ಲಿ ರೂಮು ಮಾಡಿಕೊಂಡು ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಎತ್ತರ ಎಷ್ಟೆಂದರೆ, ಬೋರ್ಡಿನ ಮೇಲಿನ ಅರ್ಧ ಅವರಿಗೆ ಯಾವತ್ತೂ ಎಟುಕಲಿಲ್ಲ. ಅಲ್ಲಿ ಹಿಂದಿನ ವರ್ಷದ ಮೇಷ್ಟರ ಬೀಜಗಣಿತ ವರ್ಷವಿಡೀ ಹಾಗೇ ಇತ್ತು. ವಿಜ್ಞಾನ ಹೇಳಿಕೊಡಲು ಬಂದವರಿಗೆ ಶನಿವಾರದ ಕೊನೆಯ ಪೀರಿಯಡ್ಡನ್ನೂ ಅಂಟಿಸಿದ್ದರು. ಟೈಮ್‌ಟೇಬಲ್ಲಿನಲ್ಲಿ ಅದರ ಹೆಸರು ‘ಜೀವನ ಕೌಶಲ’. ನಮ್ಮ ಬಾಯಲ್ಲಿ ‘ಬ್ಯಾಡ ಪೀರಿಯಡ್ಡು’. ಯಾಕೆಂದರೆ ಅದರಲ್ಲಿ ಇದ್ದದ್ದು ಒಂದೇ ಪಾಠ, ಬೇಡ ಎನ್ನುವುದು.

ಕೇಳಲು ಸುಲಭ. ಒಬ್ಬೊಬ್ಬರೇ ಎದ್ದು ಮುಂದೆ ಬರಬೇಕು. ಮಿಸ್ ಒಂದು ಸಲ ಮಾವನಾಗುತ್ತಿದ್ದರು, ಒಂದು ಸಲ ವ್ಯಾನ್ ಡ್ರೈವರ್, ಇನ್ನೊಂದು ಸಲ ಪಕ್ಕದ ಮನೆಯ ದೊಡ್ಡಪ್ಪ. ದಪ್ಪ ದನಿ ಮಾಡಿಕೊಂಡು “ಬಾ ಇಲ್ಲಿ. ಯಾರಿಗೂ ಹೇಳಬಾರದು” ಎಂದು ಗದರುತ್ತಿದ್ದರು. ನಾವು ಕಾಲು ಅಗಲಿಸಿ ನಿಂತು, ಅವರ ಕಣ್ಣನ್ನೇ ನೋಡುತ್ತಾ, ‘ಬೇಡ. ನನಗಿದು ಇಷ್ಟ ಇಲ್ಲ. ನಾನು ಹೇಳ್ತೀನಿ’ ಎನ್ನಬೇಕು. ಅಷ್ಟೇ. ನಮ್ಮ ಕ್ಲಾಸಿನ ಶೂರರು ಒಬ್ಬೊಬ್ಬರೇ ಹೋಗಿ, ನೆಲ ನೋಡಿಕೊಂಡು, ಕಾಲಿನ ಹೆಬ್ಬೆರಳಲ್ಲಿ ಬಾವಿ ತೋಡಿ, ನೀರು ಬಂದ ಮೇಲೆ ವಾಪಸ್ಸಾಗುತ್ತಿದ್ದರು. ದೊಡ್ಡವರಿಗೆ ಬೇಡ ಎಂದು ನಮ್ಮ ಬಾಯಿಗೆ ಅಭ್ಯಾಸವೇ ಇರಲಿಲ್ಲ. ಮೂಲೆ ಬೆಂಚಿನ ಹುಡುಗಿಯೊಬ್ಬಳಂತೂ ತುಟಿ ಅಲ್ಲಾಡಿಸಿದಳು, ಸದ್ದೇ ಹೊರಡಲಿಲ್ಲ.

“ಮಿಸ್, ಅವ್ಳು ಇಲ್ಲಿ ಮಾತ್ರ ಇಂಗೆ. ಒಲದಲ್ಲಿ ಕೂಗುದ್ರೆ ಅಂದಿಗಳು ಕೇರಳಕ್ಕೇ ಓಡೋಯ್ತವೆ!” ಎಂದೆ ನಾನು, ಹಿಂದಿನ ಬೆಂಚಿನಿಂದ.

ಕ್ಲಾಸು ನಕ್ಕಿತು. ಮಿಸ್ ನಗಲಿಲ್ಲ. “ಹಂಗಂದ್ರೆ ಏನೋ?” ಎಂದು ಕೇಳಿದರು. ಬಯಲು ಸೀಮೆಯ ಪೇಟೆಯವರಿಗೆ ಏನು ಗೊತ್ತು, ನಾನೇ ವಿವರಿಸಿದೆ. ನಮ್ಮೂರಿಗೆ ಕಾಡು ಹತ್ತಿರ. ಹೊತ್ತು ಇಳಿದರೆ ಹಂದಿ ಬರುತ್ತವೆ, ಆನೆ ಬರುತ್ತವೆ. ಕಾವಲಿಗೆ ಕೂತವರು ಹೊಟ್ಟೆಯಿಂದ ‘ಹೋಓಓಯ್’ ಎಂದು ಒಂದು ಕೂಗು ಹಾಕುತ್ತಾರೆ. ಅದು ಕಿವಿಗೆ ಬಿದ್ದವರು ತಮ್ಮ ಹೊಲದಿಂದ ತಿರುಗಿ ಕೂಗಬೇಕು. ಕೈಗೆ ಸಿಕ್ಕ ತಗಡು ಬಡಿಯುತ್ತಾ ಆ ಕಡೆಗೆ ಓಡಬೇಕು. ಉಣ್ಣಲು ಕೂತಿದ್ದರೂ ಸರಿ, ಆ ಹೊಲದವನ ಜೊತೆ ಮಾತು ಬಿಟ್ಟಿದ್ದರೂ ಸರಿ. ಕೂಗು ಕೇಳಿಯೂ ಸುಮ್ಮನೆ ಕೂತವನಿಗೆ ಮಾರನೇ ದಿನ ಊರಲ್ಲಿ ಬೀಡಿ ಹಚ್ಚಲು ಬೆಂಕಿ ಸಿಗುವುದಿಲ್ಲ.

ಮಿಸ್ ಆ ಹುಡುಗಿಯನ್ನು ಕಿಟಕಿ ಹತ್ತಿರ ನಿಲ್ಲಿಸಿದರು. “ನಾನು ಹಂದಿ. ಕೂಗಮ್ಮ” ಎಂದರು.

ಅವಳು ಕಣ್ಣು ಮುಚ್ಚಿ ಕೂಗಿದಳು ನೋಡಿ... ಕಿಟಕಿಯ ಸರಳು ಬಾಗಿದವು. ಹೆಡ್‌ಮಾಸ್ಟರ ಕನ್ನಡಕ ಅವರ ಮೂಗು ಬಿಟ್ಟು ಹಾರಿತು. ಬಿಸಿಯೂಟದ ಸಾಂಬಾರು ಕುಕ್ಕರ್ ಇಲ್ಲದೆಯೇ ವಿಸಿಲ್ ಹೊಡೆಯಿತು. ಅವಳು ಬಾಯಿ ಮುಚ್ಚುವ ಮುಂಚೆ ದೂರದ ಹೊಲದಿಂದ ಯಾರೋ ‘ಹೋಓಯ್’ ಎಂದು ತಿರುಗಿ ಕೂಗಿದರು. ಹಾಡುಹಗಲಲ್ಲಿ. ಯಾರಿಗೆ ಏನಾಯಿತೆಂದೂ ಗೊತ್ತಿಲ್ಲದೆ.

ಮಿಸ್ ಕಿಟಕಿ ಬಿಟ್ಟು ನಮ್ಮ ಕಡೆ ತಿರುಗಿದರು.

“ನಿಮ್ಮ ಹತ್ರ ಇಂಥದ್ದೊಂದು ಇಟ್ಕೊಂಡು ನಾನು ಬೇಡ ಅನ್ನೋದು ಹೇಳ್ಕೊಡ್ತಾ ಇದೀನಲ್ಲ! ಇನ್ಮೇಲೆ ಇದೇ ರೂಲ್ಸು. ಮೊದಲು ಬೇಡ ಅನ್ನಿ. ಕೇಳದೆ ಹೋದ್ರೆ ಈ ಕೂಗು. ಇನ್ನು ಕೂಗು ಕೇಳಿದವರು... ಸುಮ್ನೆ ಕೂರೋ ಹಾಗಿಲ್ಲ. ತಿರುಗಿ ಕೂಗಿ, ಓಡಿ ಬರಬೇಕು.”

ಇನ್ನು ಕೋಚಣ್ಣನ ವಿಷಯ. ಸಂಜೆ ಹೊತ್ತು ಸ್ಕೂಲಿನ ಮೈದಾನದಲ್ಲಿ ಊರ ಹುಡುಗರಿಗೆ ಕಬಡ್ಡಿ ಕಲಿಸುತ್ತಿದ್ದವನು. ಸ್ಕೂಲಿನ ಕೆಲಸದವನಲ್ಲ; ಊರಿನ ದೊಡ್ಡ ಜಮೀನುದಾರರ ಮನೆ ಮಗ. ಒಂದು ಕಾಲದಲ್ಲಿ ಜಿಲ್ಲೆಗೆ ಆಡಿದ್ದನಂತೆ. ಅವನ ತೋಳು ನನ್ನ ಸೊಂಟದಷ್ಟಿತ್ತು, ಕುತ್ತಿಗೆ ಇರಲೇ ಇಲ್ಲ, ತಲೆಯನ್ನು ನೇರ ಹೆಗಲಿಗೇ ಬೆಸುಗೆ ಹಾಕಿದ್ದರು. ಕೈಯಲ್ಲಿ ಸದಾ ನೀರಿನ ಪೈಪಿನ ಒಂದು ತುಂಡು. ಒಳಗೆ ಮರಳು ತುಂಬಿ, ಎರಡೂ ತುದಿಗೆ ಬಟ್ಟೆ ತುರುಕಿದ್ದ. ಅದಕ್ಕೆ ‘ಟ್ಯೂಷನ್’ ಎಂದು ಹೆಸರಿಟ್ಟಿದ್ದ. ರೈಡಿಗೆ ಹೋಗಿ ಬರಿಗೈಯಲ್ಲಿ ಬಂದರೆ ಟ್ಯೂಷನ್. ಉಸಿರು ಬಿಟ್ಟರೆ ಟ್ಯೂಷನ್. ಅತ್ತರೆ ಸ್ಪೆಷಲ್ ಕ್ಲಾಸು: ಜಲ್ಲಿಯ ಮೇಲೆ ಮಂಡಿಯೂರಿಸಿ, ತಲೆಯ ಮೇಲೆ ಒದ್ದೆ ಗೋಣಿಚೀಲ ಹೊರಿಸಿ, ಹಿಂದಿನಿಂದ ಹಿಮ್ಮಡಿಗೆ ಹೊಡೆಯುತ್ತಿದ್ದ. ಒಂದು ದಿನ ಒಬ್ಬ ಹುಡುಗನ ಹಲ್ಲು ಮುರಿದು ನೆಲಕ್ಕೆ ಬಿತ್ತು. ಕೋಚಣ್ಣ ಅದನ್ನು ಗೆದ್ದ ಟ್ರೋಫಿಯ ಹಾಗೆ ಎತ್ತಿ ಹಿಡಿದು, “ಕಪ್ಪು ಬಂತು ಕಣ್ರಲಾ!” ಎಂದು ಎಲ್ಲರಿಗೂ ತೋರಿಸಿದ. ನಾವೂ ನಕ್ಕೆವು. ನಗದೆ ಹೋಗಿದ್ದರೆ ಮುಂದಿನ ಕಪ್ಪು ನಮ್ಮ ಬಾಯಲ್ಲಿತ್ತು.

ಬಾಯಿ ಜೋರಿದ್ದದ್ದಕ್ಕೆ ನನಗೇ ಹೆಚ್ಚು ಬೀಳುತ್ತಿತ್ತು. ಬೆನ್ನ ಮೇಲೆ ನೀಲಿ ಗೆರೆಗಳು ಎದ್ದಿದ್ದವು. ಕ್ಲಾಸಿನಲ್ಲಿ ಯಾರೋ ನೋಡಿ ಕೇಳಿದಾಗ, ನಾನು ಬೆಂಚು ಹತ್ತಿ ಅಂಗಿ ಎತ್ತಿ ತೋರಿಸಿದೆ. “ಚಿರತೆ ಕಣ್ಲಾ!” ಹಿಂದಿನ ರಾತ್ರಿ ಹೊಲದಲ್ಲಿ ನನ್ನ ಮೇಲೆ ಹಾರಿತು, ನಾನು ಬಾಲ ಹಿಡಿದು ಗಿರಗಿರ ತಿರುಗಿಸಿದೆ, ಕೊನೆಗೆ ಅದು ಅಮ್ಮಾ ಅಂತ ಅತ್ತುಕೊಂಡು ಬಂಡೀಪುರದ ಬಸ್ಸು ಹತ್ತಿತು, ಟಿಕೆಟ್ಟಿಗೆ ಚಿಲ್ಲರೆ ನಾನೇ ಕೊಟ್ಟೆ... ಕ್ಲಾಸು ಬಿದ್ದು ಬಿದ್ದು ನಗುತ್ತಿತ್ತು. ನಾನು ಅಂಗಿ ಇಳಿಸುವಾಗ ಬಾಗಿಲಲ್ಲಿ ಮಿಸ್ ನಿಂತಿದ್ದರು.

ಬೇಲಿ ಹತ್ತಿರಕ್ಕೆ ಕರೆದುಕೊಂಡು ಹೋದರು. ಮೊಣಕೈ ಕೆತ್ತಿಹೋಗಿ ರಸಿಗೆ ಸೋರುತ್ತಿತ್ತು. ಬೇಲಿಗೆ ಬಾಗಿದ್ದ ಚೆಂಡು ಹೂವಿನ ಗಿಡದಿಂದ ಎಲೆ ಕಿತ್ತು, ಹೊಸಕಿ, ರಸ ಹಿಂಡಿ ಒತ್ತಿದರು. ಪ್ರಾಣ ಹೋಗುವಷ್ಟು ಉರಿಯಿತು.

“ಚಿರತೆ ಇಷ್ಟು ನೆಟ್ಟಗೆ ಗೆರೆ ಎಳೆಯುತ್ತೇನೋ? ಸ್ಕೇಲ್ ತಂದಿತ್ತಾ?”

“ಓದಿರೋ ಚಿರತೆ ಮಿಸ್.”

“ಸರಿ. ಈಗ ಚಿರತೆಯಿಲ್ಲದೆ ಹೇಳು.”

ಬಾಯಿ ತೆರೆದೆ. ಜೀವಮಾನದಲ್ಲಿ ಮೊದಲ ಸಲ ಅಲ್ಲಿ ಒಂದು ಮಾತೂ ಇರಲಿಲ್ಲ. ಹುಲಿ, ಕರಡಿ, ಪೊಲೀಸ್ ಜೀಪು ಸೇರಿಸಿ ಹೇಳು ಎಂದರೆ ಸಂಜೆಯವರೆಗೂ ಹೇಳುತ್ತಿದ್ದೆ. ಇದ್ದದ್ದನ್ನು ಇದ್ದ ಹಾಗೆ ಹೇಳುವುದೆಂದರೆ ಎಲ್ಲರ ಎದುರು ಬಟ್ಟೆಯಿಲ್ಲದೆ ನಿಂತ ಹಾಗೆ. ಮಿಸ್ ಗಂಟೆ ಹೊಡೆಯುವವರೆಗೂ ಕಾದರು. “ಉಳಿದವರು ಕೂಗೋದು ಕಲೀಬೇಕು. ನೀನು ಸೇರಿಸದೆ ಹೇಳೋದು ಕಲೀಬೇಕು ಕಣೋ” ಎಂದು, ಇನ್ನೊಂದು ಎಲೆಯನ್ನು ನನ್ನ ಕೈಗಿಟ್ಟು ಹೋದರು.

ಆ ರಾತ್ರಿ ಅಪ್ಪನಿಗೆ ಹೇಳಿದೆ. ಆದರೆ ಹೇಳಿದ್ದು ನನ್ನ ರೀತಿಯಲ್ಲೇ. “ಅಪ್ಪ, ಕೋಚಣ್ಣ ಪೈಪಲ್ಲಿ ಒಡ್ದು ಒಡ್ದು ಮೂಳೆಯೆಲ್ಲ ರವೆ ಮಾಡ್ಬುಟ್ಟವ್ನೆ. ನಾಳಿಕ್ಕೆ ಉಪ್ಪಿಟ್ಟು ಮಾಡ್ಬೋದು.”

ಅಪ್ಪ ನಗುತ್ತಾ ತಟ್ಟೆ ತೊಳೆದ. “ಮೊನ್ನೆ ನಮ್ಮ ಅಸು ಉಲಿಗೆ ಒದ್ದು ಓಡಿಸ್ತು ಅಂದೋನು ನೀನೇ ಅಲ್ವಲಾ? ಏಟು ಬೀಳ್ದೆ ಆಟ ಬತ್ತದಾ? ಓಗು, ಮನಿಕೊ ಓಗು.” ನಾವು ಉಳುತ್ತಿದ್ದ ಹೊಲ ಕೋಚಣ್ಣನ ಮನೆಯವರದ್ದು. ಗುತ್ತಿಗೆಗೆ ಹಾಕಿಕೊಂಡಿದ್ದೆವು. ಮಿಸ್ ಅಪ್ಪನ ಹತ್ತಿರವೂ ಬಂದರು, ಹೆಡ್‌ಮಾಸ್ಟರ ಹತ್ತಿರವೂ ಹೋದರು. ಅಪ್ಪ ಚಹಾ ಕೊಟ್ಟು ಕಳಿಸಿದ. ಹೆಡ್‌ಮಾಸ್ಟರು, ಸ್ಕೂಲು ಬಿಟ್ಟ ಮೇಲೆ ಮೈದಾನ ಊರಿಗೆ ಸೇರಿದ್ದಮ್ಮ ಎಂದರು.

ಉಳಿದವನು ನಾನು. ಮಂಡಿ ಹಲಸಿನ ಹಣ್ಣಿನಷ್ಟು ಊದಿಕೊಂಡಿದ್ದ ಒಂದು ಸಂಜೆ, ಮೈದಾನದ ನಡುವೆ ಹೋಗಿ ಕೋಚಣ್ಣನ ಎದುರು ಕಾಲು ಅಗಲಿಸಿ ನಿಂತೆ. ಬಲಗಾಲು ಮೈಸೂರಿನ ಕಡೆಗೆ ನಡುಗಿದರೆ ಎಡಗಾಲು ಊಟಿಯ ಕಡೆಗೆ ನಡುಗುತ್ತಿತ್ತು. ಕಣ್ಣನ್ನು ನೋಡೋಣವೆಂದರೆ ನನ್ನ ಎತ್ತರಕ್ಕೆ ಸಿಕ್ಕಿದ್ದು ಅವನ ಅಂಗಿಯ ಮೂರನೇ ಗುಂಡಿ. ಅದನ್ನೇ ದಿಟ್ಟಿಸಿಕೊಂಡು ಹೇಳಿದೆ.

“ಬ್ಯಾಡ ಅಣ್ಣ. ನಂಗಿದು ಇಷ್ಟ ಇಲ್ಲ. ಇನ್ಮೇಕೆ ಬರಲ್ಲ.”

“ಏನಂದೆ?”

“ಬ್ಯಾಡ... ಅಂದೆ.”

“ಬಸ್ಸಲ್ಲಿ ಬರ್ತಳಲ್ಲ ಆ ಗಿಡ್ಡಿ, ಅವ್ಳು ಹೇಳ್ಕೊಟ್ಳಾ? ಬಾ, ನಾನೂ ಹೇಳ್ಕೊಡ್ತೀನಿ.”

ಮೊದಲನೇ ಏಟು ಊದಿದ ಮಂಡಿಗೇ ಬಿತ್ತು. ಬಿದ್ದವನನ್ನು ಕಾಲರ್ ಹಿಡಿದು ನೀರಿನ ತೊಟ್ಟಿಯ ಹಿಂದಕ್ಕೆ ಎಳೆದುಕೊಂಡು ಹೋದ. ಬೆನ್ನು, ಭುಜ, ಪಕ್ಕೆ... ಮುಖವನ್ನು ತೊಟ್ಟಿಯ ಸಿಮೆಂಟಿಗೆ ಒತ್ತಿ ಉಜ್ಜಿದ. ಬಾಯಲ್ಲಿ ಉಪ್ಪು, ಮರಳು. ಹುಬ್ಬು ಸೀಳಿ ಒಂದು ಕಣ್ಣು ಕಾಣದೇ ಹೋಯಿತು. ಕಾಣುತ್ತಿದ್ದ ಕಣ್ಣಿಗೆ ಉಳಿದ ಹುಡುಗರು ಕಂಡರು, ನಗಬೇಕೋ ಬೇಡವೋ ಎಂದು ತಿಳಿಯದೆ ಸಾಲಾಗಿ ನಿಂತಿದ್ದರು. ನನಗೆ ಅಲ್ಲಿ ಒಂದು ಜೋಕೂ ಹೊಳೆಯಲಿಲ್ಲ. ಹೊಳೆದದ್ದು ಹಂದಿ. ಹೊಟ್ಟೆ ಎಲ್ಲಿದೆಯೆಂದು ಹುಡುಕಿ, ಅಲ್ಲಿಂದ ಕೂಗಿದೆ.

ಗೇಟಿನ ಹತ್ತಿರ ಬಸ್ಸಿಗೆ ಕಾಯುತ್ತಿದ್ದ ಮಿಸ್, ತಮ್ಮಷ್ಟೇ ದೊಡ್ಡ ಬ್ಯಾಗು ಬಿಸಾಕಿ ಓಡಿ ಬಂದರು. ನಾನು ಕಂಡದ್ದು ಅವರ ಚಪ್ಪಲಿ ಮಾತ್ರ. ಕೋಚಣ್ಣನ ಕಾಲಿಗೂ ನನಗೂ ನಡುವೆ ಆ ಚಪ್ಪಲಿ ಬಂದು ನಿಂತವು. “ಬಿಡು ಅವನನ್ನ!” ಎಂದದ್ದೂ ಕೇಳಿಸಿತು. ಎತ್ತಿದ್ದ ಪೈಪು ಇಳಿದದ್ದು ಅವರ ಎಡಗಿವಿಯ ಮೇಲೆ. ತೆಂಗಿನಕಾಯಿ ಒಡೆದಂಥ ಸದ್ದು ಬಂತೆಂದು ಆಮೇಲೆ ಊರಲ್ಲೆಲ್ಲ ಹೇಳಿಕೊಂಡು ತಿರುಗಿದ್ದೇನೆ. ನಿಜ ಹೇಳಬೇಕೆಂದರೆ ಸದ್ದೇನೂ ಬರಲಿಲ್ಲ. ಮಿಸ್ ಸುಮ್ಮನೆ ಕುಕ್ಕರಿಸಿದರು. ಕಿವಿಯಿಂದ ರಕ್ತ ಇಳಿದು ಕತ್ತಿನ ಸರದ ಒಳಗೆ ಹೋಯಿತು. ಆಮೇಲೆ ತೊಟ್ಟಿ ಹಿಡಿದು ಎದ್ದು, ಅವರೂ ಕೂಗಿದರು. ಪೇಟೆಯ ಗಂಟಲು, ಅರ್ಧಕ್ಕೇ ಒಡೆಯಿತು. ಉಳಿದರ್ಧ ನಾನು ಕೂಗಿದೆ.

ಬೇಲಿಯಾಚೆ ಹೂವು ಬಿಡಿಸುತ್ತಿದ್ದ ಮೂಲೆ ಬೆಂಚಿನ ಹುಡುಗಿ ತಿರುಗಿ ಕೂಗಿದಳು. ಅವಳಾಚೆಯ ಹೊಲದಿಂದ ಇನ್ನೊಬ್ಬರು. ಅದರಾಚೆಯಿಂದ ಮತ್ತೊಬ್ಬರು... ತಗಡು ಬಡಿಯುವ ಸದ್ದು, ಟ್ರ್ಯಾಕ್ಟರಿನ ಹಾರ್ನು, ನಾಯಿಗಳು. ಮುಸ್ಸಂಜೆ ಬೇರೆ, ಆನೆಯೇ ಬಂದಿದೆ ಎಂದುಕೊಂಡು ಊರಿಗೆ ಊರೇ ದೊಣ್ಣೆ, ಟಾರ್ಚು, ಪಟಾಕಿ ಸರ ಹಿಡಿದು ಮೈದಾನಕ್ಕೆ ನುಗ್ಗಿತು.

“ಎಲ್ಲಲಾ ಆನ?”

“ಎಷ್ಟವೆ? ಮರಿ ಅದಾ ಜೊತೇಲಿ?”

“ಏಯ್, ಪಟಾಕಿ ಅಚ್ಚಬ್ಯಾಡಿ ತಡೀರ್ಲಾ, ಮೊದ್ಲು ಆನ ತೋರ್ಸಿ!”

ಹುಡುಗಿ ಹೂವಿನ ಬುಟ್ಟಿ ಹಿಡಿದುಕೊಂಡೇ ಕೈ ತೋರಿಸಿದಳು. “ಅಲ್ಲಿ.” ಅಲ್ಲಿ ಪೈಪು ಹಿಡಿದ ಕೋಚಣ್ಣ ನಿಂತಿದ್ದ.

ಅಪ್ಪ ತಗಡು ಬಡಿಯುತ್ತಾ ನನ್ನ ಪಕ್ಕದಲ್ಲೇ ಹಾದು ಮುಂದೆ ಹೋದ. ನನ್ನ ಮುಖ ನೋಡಿಯೂ ಗುರುತು ಸಿಗಲಿಲ್ಲ. ನಾಲ್ಕು ಹೆಜ್ಜೆ ಹೋಗಿ ನಿಂತ. ತಿರುಗಿ ಬಂದ. ಕೂತು, ನನ್ನ ಅಂಗಿ ಎತ್ತಿ, ಟಾರ್ಚು ಬಿಟ್ಟು ನೋಡಿದ. ಎದ್ದು ದೊಣ್ಣೆ ತಗೊಂಡ.

ಆನೆಗೆಂದು ತಂದ ಅಷ್ಟೂ ದೊಣ್ಣೆಗಳಿಗೆ ಕೆಲಸ ಸಿಕ್ಕಿತು. ಅಷ್ಟು ದಪ್ಪ ತೋಳು ತಲೆ ಮುಚ್ಚಿಕೊಳ್ಳುವುದಕ್ಕೂ ಸಾಲಲಿಲ್ಲ. “ಬುಡ್ರಣ್ಣಾ, ತಪ್ಪಾಯ್ತು, ಬುಡ್ರಣ್ಣಾ” ಎನ್ನುತ್ತಿದ್ದವನ ಬಾಯಿಂದ ರಕ್ತದ ಜೊತೆ ಹಲ್ಲೊಂದು ಉದುರಿತು. ಕಪ್ಪು ಬಂತು ಎಂದು ಕೂಗಬೇಕೆನಿಸಿತು ನನಗೆ. ಅಷ್ಟು ಖುಷಿಯಾಗಿತ್ತು... ಅಷ್ಟರಲ್ಲಿ ಕಿವಿ ಒತ್ತಿಕೊಂಡು ಮಿಸ್ ಆ ಗುಂಪಿನೊಳಗೆ ನುಗ್ಗಿದರು.

“ಬೇಡ!”

ಅಪ್ಪನ ದೊಣ್ಣೆ ಅವರ ತಲೆಯ ಮೇಲೆ ನಿಂತಿತು.

“ಬೇಡ. ಇವನನ್ನ ನೀವು ಕೊಂದರೆ ನಾಳೆ ಎಲ್ಲರೂ ನಿಮ್ಮ ವಿಷಯ ಮಾತಾಡ್ತಾರೆ. ಇವನು ಮಾಡಿದ್ದನ್ನ ಯಾರೂ ಕೇಳಲ್ಲ. ಪೊಲೀಸ್ರಿಗೆ ಫೋನ್ ಮಾಡಿ.” ಹೇಳಿ ಮುಗಿಸಿ, ಅಲ್ಲೇ ಅವನ ಪಕ್ಕದಲ್ಲಿ ವಾಂತಿ ಮಾಡಿಕೊಂಡರು.

ಮಾರನೇ ದಿನ ಹೆಡ್‌ಮಾಸ್ಟರ ರೂಮಿನಲ್ಲಿ ಎಲ್ಲರೂ ಸೇರಿದರು. ಹೇಳಿಕೆ ಬರೆದುಕೊಳ್ಳಲು ಒಬ್ಬ ಮಹಿಳಾ ಪೊಲೀಸ್ ಬಂದಿದ್ದರು. ಕೋಚಣ್ಣನ ದೊಡ್ಡಪ್ಪ ಕುರ್ಚಿಯಲ್ಲಿ ಕೂತು ನಗುತ್ತಲೇ ಹೇಳಿದ.

“ಈ ಹೈದ ಯೋಳೋದ ನಂಬೀರಾ ಮೇಡಂ? ನಮ್ಮುಡ್ಗ ನಾಯಿ ಓಡುಸ್ತಿದ್ದ, ಇವ್ನು ಅಡ್ಡ ಬಂದ. ಊರಲ್ಲಿ ಯಾರ್ನಾದ್ರೂ ಕೇಳಿ, ಇವ್ನಿಗೆ ಚಿರತೆ ಟಿಕೆಟ್ ತಗಂಡು ಬಸ್ ಅತ್ತದಂತೆ!” ಆಮೇಲೆ ಅಪ್ಪನ ಕಡೆ ತಿರುಗಿ, “ಬರೋ ವರ್ಷನೂ ಒಲ ಬೇಕಲ್ವಾ ನಿಂಗೆ?” ಎಂದ.

ಅಪ್ಪ ನೆಲ ನೋಡುತ್ತಿದ್ದ. ರೂಮಿನಲ್ಲಿ ಕೆಲವರು ಆಗಲೇ ನಗುತ್ತಿದ್ದರು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು, ಏನು ಬಿಡುತ್ತಾನೋ ಎಂದು. ಕಿವಿಗೆ ಬ್ಯಾಂಡೇಜು ಸುತ್ತಿಕೊಂಡ ಮಿಸ್ ಬಾಗಿಲ ಹತ್ತಿರ ಕೂತಿದ್ದರು. ಹೇಳು ಎಂಬಂತೆ ತಲೆ ಆಡಿಸಿದರು.

“ಕೋಚಣ್ಣ ಪೈಪಲ್ಲಿ ಒಡ್ದ,” ಎಂದೆ. “ದಿನಾ ಒಡೀತಿದ್ದ. ಅತ್ರೆ ಇನ್ನೂ ಒಡೀತಿದ್ದ. ನೆನ್ನೆ ಬ್ಯಾಡ ಅಂದೆ. ಅದ್ಕೂ ಒಡ್ದ. ಮಿಸ್ ಅಡ್ಡ ಬಂದ್ರು. ಅವರ್ಗೂ ಒಡ್ದ. ನಾಯಿ ಇರ್ಲಿಲ್ಲ.”

ನನ್ನ ಜೀವನದ ಅತಿ ಚಿಕ್ಕ ಕಥೆ. ಯಾರೂ ನಗಲಿಲ್ಲ. ಅಪ್ಪ ತಲೆ ಎತ್ತಿದ.

“ಒಲ ನೀವೇ ಮಡೀಕಳಿ ಬುದ್ಧಿ,” ಎಂದ ದೊಡ್ಡಪ್ಪನಿಗೆ. ಆಮೇಲೆ ಪೊಲೀಸ್ ಮೇಡಂಗೆ, “ನನ್ನ ಮಗ ಯೋಳಿದ್ದು ದಿಟ. ಬರ್ಕಳಿ.”

ಹೊರಗೆ ಕಿಟಕಿಗೆ ಜೋತುಬಿದ್ದಿದ್ದ ಹುಡುಗರಲ್ಲಿ ಒಬ್ಬ ಒಳಗೆ ಬಂದ. ಮೇಡಂ ಎದುರು ನಿಂತು ಬಾಯಿ ಅಗಲಿಸಿ, ಹಲ್ಲು ಇಲ್ಲದ ಜಾಗ ತೋರಿಸಿದ. ಅವನ ಹಿಂದೆ ಇನ್ನೊಬ್ಬ ಬಂದ.

ಕೋಚಣ್ಣನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ನಮ್ಮ ಹೊಲ ಹೋಯಿತು. ಅಪ್ಪ ಈಗ ಬೇರೆಯವರ ಹೊಲದಲ್ಲಿ ಹೂವು ಬಿಡಿಸುತ್ತಾನೆ. ಮಿಸ್‌ನ ಎಡಗಿವಿಗೆ ಮಾತ್ರ ಮತ್ತೆ ಕೇಳಿಸಲೇ ಇಲ್ಲ. ಅಂದಿನಿಂದ ಯಾರು ಮಾತಾಡಿಸಿದರೂ ಬಲಗಿವಿ ಆ ಕಡೆಗೆ ತಿರುಗಿಸಿ ನಿಲ್ಲುತ್ತಿದ್ದರು. ನಾವೂ ಅವರ ಬಲಗಡೆಗೇ ಹೋಗಿ ನಿಲ್ಲುವುದು ಅಭ್ಯಾಸ ಮಾಡಿಕೊಂಡೆವು. ವರ್ಷ ಮುಗಿದ ಮೇಲೆ ಅವರನ್ನು ಮತ್ತೆ ತೆಗೆದುಕೊಳ್ಳಲಿಲ್ಲ. ಕಾರಣ ಯಾರೂ ಹೇಳಲಿಲ್ಲ. ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಕಳಿಸಿಕೊಡಲು ಬೇಗೂರಿನವರೆಗೂ ಹೋಗಿದ್ದೆವು, ನಾನು, ಆ ಹುಡುಗಿ, ಇನ್ನು ಕೆಲವರು. ಗುಂಡ್ಲುಪೇಟೆ ಬಸ್ಸು ಬಂತು. ಮಿಸ್ ಹತ್ತಿ, ನಮಗೆ ಕಾಣಲೆಂದು ಈ ಕಡೆಯ ಕಿಟಕಿಯಲ್ಲೇ ಕೂತು ಕೈಬೀಸಿದರು. ಬಸ್ಸು ಹೊರಟಿತು, ಅವರು ಮುಂದಕ್ಕೆ ತಿರುಗಿದರು. ಆಗ ನನಗೆ ಏನೋ ಹೇಳಬೇಕಿತ್ತು ಎಂದು ನೆನಪಾಯಿತು. ಏನೆಂದು ಹೊಳೆಯದೆ, ಹೊಟ್ಟೆಯಿಂದ ಕೂಗು ಹಾಕಿದೆ. ಹುಡುಗಿಯೂ ಹಾಕಿದಳು. ಇಡೀ ಬಸ್‌ಸ್ಟಾಪು ತಿರುಗಿ ನೋಡಿತು. ಟೀ ಅಂಗಡಿಯಲ್ಲಿ ಕೂತಿದ್ದ ಯಾವನೋ ಲೋಟ ಹಿಡಿದುಕೊಂಡೇ ತಿರುಗಿ ಕೂಗಿದ. ಮಿಸ್ ತಿರುಗಲಿಲ್ಲ. ಕಿಟಕಿಯ ಕಡೆಗಿದ್ದದ್ದು ಎಡಗಿವಿ...

“ಏನ್ಲಾ, ಕೇಳ್ತಾನೇ ಇವ್ನಿ, ಎಂಗಾಯ್ತು?” ರೂಮ್‌ಮೇಟ್ ಇನ್ನೂ ಎಲೆ ಒತ್ತಿ ಹಿಡಿದಿದ್ದ.

ನಾಲಗೆಯ ತುದಿಯಲ್ಲಿ ಕಥೆ ಹಾಗೇ ಕೂತಿತ್ತು, ಬಾಲ ಅಲ್ಲಾಡಿಸುತ್ತಾ.

“ಬ್ಲೇಡು ತಾಕ್ತು,” ಎಂದೆ.

“ಅಷ್ಟೇಯಾ?”

“ಅಷ್ಟೇ.”

ಅವನಿಗೆ ನಿರಾಸೆಯಾಯಿತು. ಎಲೆ ಬಿಸಾಕಿ ಸ್ನಾನಕ್ಕೆ ಹೋದ. ರಕ್ತ ನಿಂತಿತ್ತು, ಕೈಗೆ ಅಂಟಿದ ವಾಸನೆ ಸೋಪು ಹಾಕಿದರೂ ಹೋಗಲಿಲ್ಲ. ಮಿಸ್‌ನ ಹಳೆಯ ನಂಬರಿಗೆ ಆಗಾಗ ಫೋನ್ ಮಾಡುತ್ತೇನೆ, ಅದು ಚಾಲ್ತಿಯಲ್ಲಿಲ್ಲ. ಸಂತೆಮರಹಳ್ಳಿಯ ಸಂತೆಯಲ್ಲಿ ಒಮ್ಮೆ ಅಷ್ಟೇ ಎತ್ತರದ ಒಬ್ಬರ ಹಿಂದೆ ಬಹಳ ದೂರ ಹೋದೆ, ಅವರಲ್ಲ. ಇದನ್ನು ಓದುವ ಯಾರಿಗಾದರೂ ಅವರು ಎಲ್ಲಾದರೂ ಕಂಡರೆ, ದಯವಿಟ್ಟು ಬಲಗಡೆಯಿಂದ ಕರೆಯಿರಿ.